ತಳದ ಗಾಳ: ಎರೆಗಿಂತ ಮೊದಲು ಕೆರೆ ನೋಡಿ

ಗಾಳ ಹಾಕಲು ಹೊಸದಾಗಿ ಕಲಿಯುವವರು ಮೊದಲು ಕೇಳುವುದು ಎರೆಯ ಬಗ್ಗೆ. ಮೈದಾ ಹಾಕಲಾ, ಎರೆಹುಳು ಹಾಕಲಾ, ಆನ್‌ಲೈನ್‌ನಲ್ಲಿ ಸಿಗುವ ಸ್ಟ್ರಾಬೆರಿ ವಾಸನೆಯ ಪುಡಿ ತರಿಸಲಾ? ಇದೆಲ್ಲ ಆಮೇಲಿನ ಮಾತು. ಈ ಕೆರೆಯ ತಳ ಹೇಗಿದೆ, ಮೀನು ಯಾವ ಹೊತ್ತಿನಲ್ಲಿ ಎಲ್ಲಿ ಮೇಯುತ್ತದೆ ಎಂದು ಗೊತ್ತಿದ್ದರೆ ಮನೆಯ ರಾಗಿ ಹಿಟ್ಟೇ ಸಾಕು. ಅದು ಗೊತ್ತಿಲ್ಲದಿದ್ದರೆ ದುಬಾರಿ ಎರೆಯೂ ಸುಮ್ನೆ ನೀರುಪಾಲು.

ಬೆಂಗಳೂರು ಸುತ್ತಮುತ್ತಲಿನ ಕೆರೆಗಳಲ್ಲಿ ತಳದಲ್ಲಿ ಮೇಯುವ ಮೀನುಗಳನ್ನು ಕೋಲು, ರೀಲ್ ಬಳಸಿ ಹಿಡಿಯುವುದು ಹೇಗೆ ಎನ್ನುವುದಷ್ಟೇ ಇಲ್ಲಿನ ವಿಷಯ. ಬೆಂಡು ಕಟ್ಟಿ ನಡುನೀರಿನಲ್ಲಿ ಹಿಡಿಯುವುದು ಬೇರೆಯೇ ಆಟ.

ಯಾವ ಮೀನು ಎಲ್ಲಿರುತ್ತದೆ

ಮೀನಿನ ಬಾಯಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿರುತ್ತದೆ, ಅದು ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ. ರೋಹು ಹೆಚ್ಚಾಗಿ ನಡುನೀರಿನಲ್ಲಿರುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಮೀನುಗಳು. ಅದರಲ್ಲೂ ಗೆಂಡೆ ಬಾಯನ್ನು ಕೊಳವೆಯ ಹಾಗೆ ಮುಂದಕ್ಕೆ ಚಾಚಿ ಕೆಸರನ್ನೇ ಹೀರಿ, ಬೇಡದ್ದನ್ನು ಉಗುಳುತ್ತದೆ. ಈಗ ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಗೆಂಡೆ ತಳಿ ಭಾರತಕ್ಕೆ ಬಂದಿದ್ದು 1957ರಲ್ಲಿ, ಬ್ಯಾಂಕಾಕ್‌ನಿಂದ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದಕ್ಕೂ ಮೊದಲು 1952ರಲ್ಲೇ ಬಂದಿತ್ತು. ಅದು ಎಲ್ಲಾ ಮಟ್ಟದಲ್ಲೂ ಇರುತ್ತದೆ, ಎಲ್ಲವನ್ನೂ ತಿನ್ನುತ್ತದೆ. ಹಿಟ್ಟಿನ ಎರೆ ಹಾಕುವವರ ಮೊದಲ ಶತ್ರು ಅದೇ.

ಇನ್ನು ಕ್ಯಾಟ್‌ಫಿಶ್. ದೊಡ್ಡ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಅದು ಇಲ್ಲದ ಕೆರೆ ಹುಡುಕುವುದು ಕಷ್ಟ. ಊರಿನ ಸಣ್ಣ ಮೀನುಗಳನ್ನು ತಿಂದು ಮುಗಿಸುವ ಈ ಮೀನು ಗಾಳಕ್ಕೆ ಬಿದ್ದರೆ ಮತ್ತೆ ನೀರಿಗೆ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಅನುಮತಿ

ಹೆಚ್ಚಿನ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರದ್ದೋ ಮೀನುಗಾರರ ಸಹಕಾರ ಸಂಘದ್ದೋ ಆಗಿರುತ್ತದೆ. ಅವರು ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾರೆ. ಹೇಳದೆ ಕೇಳದೆ ಗಾಳ ಹಾಕಿದರೆ ಅವರು ರೇಗುವುದು ಸಹಜ ಅಲ್ವಾ? ಕೇಳಿದರೆ ಎಷ್ಟೋ ಜನ ಸಣ್ಣ ಮೊತ್ತ ತೆಗೆದುಕೊಂಡು ಬಿಡುತ್ತಾರೆ. ವಾಕಿಂಗ್ ಪಾತ್ ಇರುವ ನಗರದ ಕೆರೆಗಳಲ್ಲಿ ಫಲಕ ಓದಿ, ಕಾವಲುಗಾರರನ್ನು ಕೇಳಿ. ಗಂಟೆ ಲೆಕ್ಕದಲ್ಲಿ ಶುಲ್ಕ ಪಡೆಯುವ ಖಾಸಗಿ ಕೊಳಗಳೂ ಊರಾಚೆ ಇವೆ. ಕಲಿಯುವವರಿಗೆ ಅದೇ ಸುಲಭ.

ಕಾವೇರಿ ಕಡೆ ಹೋಗುವ ಆಸೆ ಇದ್ದವರಿಗೆ ಒಂದು ಮಾತು. ಸಂಗಮ, ಮುತ್ತತ್ತಿ, ಭೀಮೇಶ್ವರಿ ಇರುವುದು 1987ರಲ್ಲಿ ಘೋಷಿಸಿದ ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿ. ಅಲ್ಲಿ ಗಾಳದ ಚೀಲ ಬಿಚ್ಚಲೇಬೇಡಿ. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅತ್ಯಂತ ಅಂಚಿನಲ್ಲಿರುವ ಮೀನುಗಳ ಪಟ್ಟಿಗೆ 2018ರಲ್ಲಿ ಸೇರಿತು.

ಕೆರೆಯನ್ನು ಓದುವುದು

ಇದಕ್ಕೆ ಅರ್ಧ ದಿನ ಹೋದರೂ ನಷ್ಟವಿಲ್ಲ. ನಮ್ಮ ಕೆರೆಗಳು ತಾವಾಗಿ ಆದವಲ್ಲ, ಹಳ್ಳಕ್ಕೆ ಅಡ್ಡ ಏರಿ ಹಾಕಿ ಕಟ್ಟಿದವು. ಹಾಗಾಗಿ ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ ನಕ್ಷೆ. ನೀರು ಒಳಬರುವ ಕಡೆ ತೆಳು, ಏರಿಯ ಕಡೆ ಆಳ. ಏರಿಯಲ್ಲೂ ತೂಬಿನ ಹತ್ತಿರ ಎಲ್ಲಕ್ಕಿಂತ ಆಳ, ಯಾಕೆಂದರೆ ಕೊನೆಯ ನೀರೂ ಗದ್ದೆಗೆ ಹರಿಯಲಿ ಎಂದೇ ತೂಬನ್ನು ತಗ್ಗಿನಲ್ಲಿ ಇಟ್ಟಿದ್ದು. ಏರಿಯ ಒಂದು ತುದಿಯಲ್ಲಿ ಕೋಡಿ. ಏರಿ ಕಟ್ಟುವ ಮೊದಲು ಹರಿಯುತ್ತಿದ್ದ ಹಳ್ಳದ ಜಾಡು ಎಷ್ಟೋ ಕೆರೆಗಳ ತಳದಲ್ಲಿ ಇನ್ನೂ ಉಳಿದಿರುತ್ತದೆ. ಮೀನು ತೆಳುನೀರಿಗೂ ಆಳಕ್ಕೂ ಓಡಾಡುವುದು ಆ ತಗ್ಗು ಹಿಡಿದೇ.

ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ಕೆರೆಯ ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲಿ ಬಂಡೆ, ಎಲ್ಲಿ ಮಣ್ಣು ತೆಗೆದ ಗುಂಡಿ, ಎಲ್ಲಿ ಹಳೇ ಬಾವಿ ಎಂದು ಬರಿಗಣ್ಣಿಗೇ ಕಾಣುತ್ತದೆ. ಮಳೆ ಬಂದ ಮೇಲೆ ಆ ಫೋಟೊಗಿಂತ ಒಳ್ಳೆಯ ನಕ್ಷೆ ಇಲ್ಲ. ಹೂಳೆತ್ತಿ ದುರಸ್ತಿ ಮಾಡಿದ ಕೆರೆಯಾದರೆ ಹಳೇ ಜಾಡು ಹೋಗಿರುತ್ತದೆ. ಅಲ್ಲಿ ದಡದಿಂದ ಸ್ವಲ್ಪ ದೂರದಲ್ಲಿ ತಳ ಥಟ್ಟನೆ ಇಳಿಯುವ ಅಂಚನ್ನು ಹುಡುಕಬೇಕು.

ನೀರು ತುಂಬಿದ ಮೇಲೆ ತಳ ತಿಳಿಯುವುದು ಹೇಗೆ? ಕೊಂಡಿ ಕಟ್ಟದೆ ದಾರದ ತುದಿಗೆ 30 ಗ್ರಾಂನ ಬರೀ ಸೀಸ ಕಟ್ಟಿ ಎಸೆಯಿರಿ. ಸೀಸ ನೀರಿಗೆ ಬಿದ್ದ ಕ್ಷಣದಿಂದ ದಾರ ಸಡಿಲವಾಗುವವರೆಗೆ ಎಣಿಸಿ. ಬೇರೆ ಬೇರೆ ಕಡೆ ಎಸೆದು ಎಣಿಕೆ ಹೋಲಿಸಿದರೆ ಎಲ್ಲಿ ಆಳ, ಎಲ್ಲಿ ದಿಬ್ಬ ಎಂದು ಗೊತ್ತಾಗುತ್ತದೆ. ಆಮೇಲೆ ಕೋಲನ್ನು ಪಕ್ಕಕ್ಕೆ ಎಳೆಯುತ್ತಾ ಸೀಸವನ್ನು ತಳದ ಮೇಲೆ ನಿಧಾನವಾಗಿ ಜಾರಿಸಿ. ಟಕ್ ಟಕ್ ಎಂದು ಕೈಗೆ ಬಡಿದರೆ ಜಲ್ಲಿ ಅಥವಾ ಗಟ್ಟಿ ನೆಲ. ನುಣ್ಣಗೆ ಜಾರಿದರೆ ಜೇಡಿ. ಹೂತುಕೊಂಡು ಭಾರವಾಗಿ ಬಂದರೆ ಹೂಳು. ಸಿಕ್ಕಿಕೊಂಡು, ಬಿಟ್ಟು, ಮತ್ತೆ ಸಿಕ್ಕಿಕೊಂಡರೆ ಜೊಂಡು ಅಥವಾ ತಾವರೆ ಬಳ್ಳಿ.

ಸೀಸಕ್ಕೆ ಅಂಟಿ ಬಂದ ಮಣ್ಣನ್ನು ಮೂಸಿ ನೋಡಿ. ಮುಜುಗರ ಬೇಡ, ಹತ್ತಿರ ಯಾರೂ ಇಲ್ಲದಾಗ ಮೂಸಿ. ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಜಾಗ ಬಿಟ್ಟುಬಿಡಿ. ಅಲ್ಲಿ ಆಮ್ಲಜನಕ ಇಲ್ಲ, ಮೀನಿಗೆ ಬೇಕಾದ ಹುಳವೂ ಹೆಚ್ಚು ಇರುವುದಿಲ್ಲ. ಕಂದು ಜೇಡಿ ಬಂದು ಕೆಟ್ಟ ವಾಸನೆ ಇಲ್ಲದಿದ್ದರೆ ಒಳ್ಳೆಯ ಗುರುತು. ನಾನು ಹುಡುಕುವುದು ಹೂಳು ಮುಗಿದು ಗಟ್ಟಿ ನೆಲ ಶುರುವಾಗುವ ಗೆರೆ. ಏರಿಯ ಕಲ್ಲುಕಟ್ಟಡ ಕೆಳಗೆ ಮುಗಿಯುವ ಕಡೆ ಈ ಗೆರೆ ಸಿಗುವುದು ಜಾಸ್ತಿ, ಅದೂ ದಡದಿಂದ ಕೆಲವೇ ಮೀಟರ್ ದೂರದಲ್ಲಿ. ದೂರಕ್ಕೆ ಎಸೆದಷ್ಟೂ ದೊಡ್ಡ ಮೀನು ಎಂಬುದು ಏರಿಯ ಮೇಲಿಂದ ಗಾಳ ಹಾಕುವವರಿಗೆ ಹೊಂದುವ ಮಾತಲ್ಲ.

ಗುಳ್ಳೆಗಳನ್ನೂ ನೋಡಿ. ಒಂದೇ ಜಾಗದಲ್ಲಿ ದೊಡ್ಡ ಗುಳ್ಳೆ ಆಗಾಗ ಏಳುತ್ತಿದ್ದರೆ ಅದು ಕೊಳೆತ ಕೆಸರಿನ ಅನಿಲ. ಸಣ್ಣ ಗುಳ್ಳೆಗಳ ಗುಂಪು ಎದ್ದು, ಸ್ವಲ್ಪ ಮುಂದೆ ಹೋಗಿ ಮತ್ತೆ ಎದ್ದರೆ, ಕೆಳಗೆ ಮೀನು ಕೆಸರು ಕೆದಕುತ್ತಾ ಹೋಗುತ್ತಿದೆ ಎಂದರ್ಥ. ಅದು ಹೋಗುತ್ತಿರುವ ದಿಕ್ಕಿನಲ್ಲಿ ಸ್ವಲ್ಪ ಮುಂದಕ್ಕೆ ಎರೆ ಹಾಕಿ, ಗುಳ್ಳೆಯ ತಲೆ ಮೇಲೆ ಎಸೆಯಬೇಡಿ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಹೆಚ್ಚಾಗಿ ಪಶ್ಚಿಮದ ಗಾಳಿ. ಅಲೆ ಹೊಡೆಯುವ ಪೂರ್ವದ ದಡಕ್ಕೆ ತೇಲುವ ತಿಂಡಿಯೆಲ್ಲ ಸೇರುತ್ತದೆ, ಮೀನೂ ಹಿಂದೆಯೇ ಬರುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ಕಡೆ ಕೂರಲು ಯಾರಿಗೂ ಇಷ್ಟವಿಲ್ಲ, ಹಾಗಾಗಿ ಜಾಗವೂ ಖಾಲಿ ಇರುತ್ತದೆ.

ಯಾವ ಹೊತ್ತು

ಸೂರ್ಯ ಹುಟ್ಟುವ ಮೊದಲೇ ಹೋಗಬೇಕು ಎನ್ನುವುದು ಎಲ್ಲರೂ ಹೇಳುವ ಪಾಠ. ಪಾಚಿಯಿಂದ ಹಸಿರಾದ ಬೆಂಗಳೂರಿನ ಕೆರೆಗಳಿಗೆ ಇದು ಸರಿ ಹೊಂದುವುದಿಲ್ಲ. ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಅದನ್ನೇ ಬಳಸುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ ಇರುವುದು ಬೆಳಗಿನ ಜಾವದಲ್ಲಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದಕ್ಕೆ ಉಸಿರಾಟದ ಚಿಂತೆ, ಊಟದ್ದಲ್ಲ. ಅಂಥ ಕೆರೆಗೆ ತಿಂಡಿ ತಿಂದುಕೊಂಡು ಎಂಟೂವರೆ, ಒಂಬತ್ತಕ್ಕೆ ಹೋದರೂ ಸಾಕು. ಇನ್ನೊಂದು ಒಳ್ಳೆಯ ಹೊತ್ತು ಸಂಜೆ, ನಾಲ್ಕರಿಂದ ಕತ್ತಲಾಗುವವರೆಗೆ. ತಿಳಿನೀರಿನ ಕೆರೆಯಾದರೆ ಮಾತ್ರ ಬೇಗ ಏಳಿ.

ಕ್ಯಾಟ್‌ಫಿಶ್‌ಗೆ ಈ ತೊಂದರೆ ಇಲ್ಲ, ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಕತ್ತಲಾದ ಮೇಲೆ ಅದರ ರಾಜ್ಯ. ವಿದೇಶದ ವಿಡಿಯೊ ನೋಡಿ ಕಲಿಯುವವರು ಇಲ್ಲಿ ಎಡವುತ್ತಾರೆ. ಫಿನ್‌ಲ್ಯಾಂಡ್, ರಷ್ಯಾ, ಕೆನಡಾದಲ್ಲಿ ಬರ್ಬಟ್ ಎಂಬ ಮೀನಿದೆ. ಗದ್ದದ ಕೆಳಗೆ ಒಂದೇ ಮೀಸೆ. ಅದೂ ರಾತ್ರಿಯಲ್ಲಿ ತಳದಲ್ಲಿ ಮೇಯುವ ಮೀನು, ಅದನ್ನೂ ಮೀನಿನ ತುಂಡು, ಎರೆಹುಳುಗಳನ್ನು ತಳಕ್ಕೆ ಇಳಿಸಿಯೇ ಹಿಡಿಯುತ್ತಾರೆ. ಆದರೆ ಅದು ನೀರು ತಣ್ಣಗಾದಷ್ಟೂ ಚುರುಕು, ನಡುಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಮೊಟ್ಟೆ ಇಡುತ್ತದೆ. ಅಲ್ಲಿನವರು ಚಳಿ ರಾತ್ರಿ ಹುಡುಕಿಕೊಂಡು ಹೋಗುವುದು ಅದಕ್ಕೇ. ನಮ್ಮ ಮೀನುಗಳದ್ದು ಉಲ್ಟಾ. ಡಿಸೆಂಬರ್, ಜನವರಿಯ ಚಳಿಗೆ ಅವು ಮಂಕಾಗುತ್ತವೆ. ಆಗ ಎರೆ ಚಿಕ್ಕದು ಮಾಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಹಾಕಿ.

ಗಾಳ ಕಟ್ಟುವುದು

ಏಳೆಂಟು ಅಡಿಯ ಕೋಲು, ಮಧ್ಯಮ ಗಾತ್ರದ ರೀಲ್, 0.30ರಿಂದ 0.35 ಮಿಲಿಮೀಟರ್ ದಪ್ಪದ ನೈಲಾನ್ ದಾರ. ಶುರುವಿಗೆ ಇಷ್ಟು ಸಾಕು. ಹೆಣೆದ ದಾರ ಗಟ್ಟಿ ನಿಜ, ಆದರೆ ಏರಿಯ ಕಲ್ಲಿಗೆ ಉಜ್ಜಿದರೆ ಬೇಗ ಸವೆಯುತ್ತದೆ.

ಮೊದಲು ನಡುವೆ ತೂತಿರುವ 20ರಿಂದ 40 ಗ್ರಾಂನ ಸೀಸವನ್ನು ದಾರಕ್ಕೆ ಪೋಣಿಸಿ. ಅದರ ಹಿಂದೆ ಒಂದು ಮಣಿ. ಆಮೇಲೆ ದಾರದ ತುದಿಗೆ ಸ್ವಿವೆಲ್, ಅಂದರೆ ದಾರ ತಿರುಚಿಕೊಳ್ಳದಂತೆ ತಾನೇ ತಿರುಗುವ ಪುಟ್ಟ ಲೋಹದ ಬಳೆ, ಕಟ್ಟಿ. ಸ್ವಿವೆಲ್‌ನ ಇನ್ನೊಂದು ಕಡೆಗೆ ಒಂದು ಗೇಣಿನಿಂದ ಒಂದೂವರೆ ಗೇಣು ಉದ್ದದ ದಾರ, ಅದರ ತುದಿಗೆ ಕೊಂಡಿ. ಗಂಟಿಗೆ ದಾರವನ್ನು ಐದಾರು ಸುತ್ತು ಸುತ್ತಿ, ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಂಟು ಬಿಗಿದರೆ ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ಸೀಸವನ್ನು ಬಿಗಿಯಾಗಿ ಕಟ್ಟದೆ ಓಡಾಡಲು ಬಿಡುವುದೇ ಇಲ್ಲಿನ ಗುಟ್ಟು. ಗೆಂಡೆ ಎರೆ ಹೀರಿಕೊಂಡು ಹೊರಟಾಗ ದಾರ ಸೀಸದ ತೂತಿನಿಂದ ಜಾರುತ್ತದೆ. ಅದಕ್ಕೆ ಭಾರ ಗೊತ್ತಾಗುವುದಿಲ್ಲ, ಉಗುಳುವುದಿಲ್ಲ.

ಹಿಟ್ಟಿನ ಎರೆಗೆ 6 ಅಥವಾ 8ನೇ ನಂಬರ್ ಕೊಂಡಿ, ಕ್ಯಾಟ್‌ಫಿಶ್‌ಗೆ 1/0 ಅಥವಾ 2/0. ಕ್ಯಾಟ್‌ಫಿಶ್ ಎರೆಯನ್ನು ಹೊಟ್ಟೆಗೇ ನುಂಗಿಬಿಡುತ್ತದೆ. ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಹಾಕಿದರೆ ಹೆಚ್ಚಾಗಿ ಬಾಯಿಯ ಮೂಲೆಗೇ ಸಿಕ್ಕುತ್ತದೆ, ಬಿಡಿಸುವುದೂ ಸುಲಭ.

ಅಂಗಡಿಯವರು ಸ್ಪ್ರಿಂಗ್ ಸುತ್ತ ನಾಲ್ಕಾರು ಕೊಂಡಿ ತೂಗುವ ಗಾಳವನ್ನು ತೋರಿಸುತ್ತಾರೆ. ಮೀನು ಬೀಳುವುದೇನೋ ನಿಜ, ಆದರೆ ಎಷ್ಟೋ ಸಲ ಕಣ್ಣಿಗೆ, ಹೊಟ್ಟೆಗೆ ಚುಚ್ಚಿಕೊಂಡು ಬರುತ್ತದೆ. ನನಗೆ ಅದು ಒಗ್ಗಿಲ್ಲ.

ಎರೆ

ಗೆಂಡೆ, ಮೃಗಾಲ್‌ಗೆ ರಾಗಿ. ಒಂದು ಲೋಟ ರಾಗಿ ಹಿಟ್ಟಿನಲ್ಲಿ ಗಟ್ಟಿ ಮುದ್ದೆ ಮಾಡಿ. ಬಿಸಿ ಇರುವಾಗಲೇ ಅರ್ಧ ಲೋಟ ಕಡ್ಲೆಹಿಂಡಿ ಪುಡಿ, ಒಂದು ಹಿಡಿ ಮೈದಾ, ನೆಲ್ಲಿಕಾಯಿ ಗಾತ್ರದ ಬೆಲ್ಲ ಹಾಕಿ ಚೆನ್ನಾಗಿ ನಾದಿ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಹತ್ತಿಯ ಒಂದೆರಡು ಎಳೆ ಬಿಡಿಸಿ ಸೇರಿಸಿ ನಾದಿದರೆ ಕೊಂಡಿಯಿಂದ ಬೇಗ ಬಿಡುವುದಿಲ್ಲ. ಇಂಗು, ಸೋಂಪು, ಏಲಕ್ಕಿ ಎಂದು ಒಬ್ಬೊಬ್ಬರದು ಒಂದೊಂದು ನಂಬಿಕೆ. ಹಾಕಿ ನೋಡಿ, ನಷ್ಟವಿಲ್ಲ. ಹಿಂಡಿಯ ವಾಸನೆಯಷ್ಟು ಕೆಲಸ ಬೇರೆ ಯಾವುದೂ ಮಾಡಿದ್ದನ್ನು ನಾನು ಕಂಡಿಲ್ಲ.

ಹೊರಡುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಉಂಡೆಯನ್ನು ಕೊಂಡಿಗೆ ಹಚ್ಚಿ ನೀರಿನ ಲೋಟದಲ್ಲಿ ಬಿಡಿ. ಇಪ್ಪತ್ತು ನಿಮಿಷ ಉಳಿಯಬೇಕು, ಅಷ್ಟರಲ್ಲಿ ಹೊರಮೈ ಸ್ವಲ್ಪ ಕರಗಿ ನೀರು ಮಬ್ಬಾಗಬೇಕು. ಐದು ನಿಮಿಷಕ್ಕೇ ಬಿದ್ದರೆ ಮೈದಾ ಹೆಚ್ಚಿಸಿ. ಕರಗದೆ ಕಲ್ಲಾಗಿದ್ದರೆ ಹಿಂಡಿ ಹೆಚ್ಚಿಸಿ.

ಮೀನನ್ನು ಜಾಗಕ್ಕೆ ಕರೆಯಲು ಹಿಂದಿನ ರಾತ್ರಿಯೇ ಕಡ್ಲೆಹಿಂಡಿ ನೆನೆಹಾಕಿ. ಬೆಳಿಗ್ಗೆ ಹುಳಿ ವಾಸನೆ ಬಂದಿರುತ್ತದೆ. ಅದಕ್ಕೆ ಅಕ್ಕಿ ತೌಡು ಸೇರಿಸಿ ಕಿತ್ತಳೆ ಗಾತ್ರದ ಮೂರ್ನಾಲ್ಕು ಉಂಡೆ ಮಾಡಿ, ಗಾಳ ಬೀಳುವ ಜಾಗಕ್ಕೇ ಎಸೆಯಿರಿ. ಬಕೆಟ್‌ಗಟ್ಟಲೆ ಸುರಿಯುವವರೂ ಇದ್ದಾರೆ. ಹೊಟ್ಟೆ ತುಂಬಿದ ಮೀನಿಗೆ ನಿಮ್ಮ ಕೊಂಡಿಯ ಮೇಲಿನ ಉಂಡೆ ಯಾಕೆ ಬೇಕು?

ಎರೆ ಎರಡೇ ನಿಮಿಷಕ್ಕೆ ಮಾಯವಾಗುತ್ತಿದ್ದರೆ ಅದು ಜಿಲೇಬಿ ಮೀನಿನ ಕೆಲಸ. ಹಿಟ್ಟು ಬಿಟ್ಟು, ರಾತ್ರಿ ನೆನೆಸಿ ಬೇಯಿಸಿದ ಕಡಲೆಕಾಳು ಅಥವಾ ಮೆಕ್ಕೆಜೋಳದ ಕಾಳಿಗೆ ಬದಲಾಯಿಸಿ. ಸಣ್ಣ ಬಾಯಿಗೆ ಅದು ಬಗ್ಗುವುದಿಲ್ಲ, ಗೆಂಡೆ ಗಂಟಲಿನ ಹಲ್ಲಿನಲ್ಲಿ ಆರಾಮಾಗಿ ಅರೆಯುತ್ತದೆ.

ಕ್ಯಾಟ್‌ಫಿಶ್‌ಗೆ ರಕ್ತದ ವಾಸನೆ ಬೇಕು. ಮೀಸೆಯಲ್ಲಿ ಮಾತ್ರವಲ್ಲ, ಮೈಯೆಲ್ಲ ಅದಕ್ಕೆ ರುಚಿ ತಿಳಿಯುವ ಶಕ್ತಿ ಇದೆ. ಕೋಳಿ ಅಂಗಡಿಯಲ್ಲಿ ಲಿವರ್ ತಂದು ಐಸ್ ಹಾಕಿದ ಡಬ್ಬಿಯಲ್ಲಿಡಿ, ಬಿಸಿಲಿಗೆ ಮೆತ್ತಗಾದರೆ ಎಸೆಯುವಾಗಲೇ ಹಾರಿಹೋಗುತ್ತದೆ. ಕೊಂಡಿಗೆ ಸಿಕ್ಕಿಸಿ, ಹೊಲಿಗೆ ದಾರದಲ್ಲಿ ಏಳೆಂಟು ಸುತ್ತು ಸುತ್ತಿ. ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಹೋಗುವವರಾದರೆ ಸಿಗಡಿ ತಲೆಗಳನ್ನು ಕೇಳಿ ತನ್ನಿ. ಎರೆಹುಳುಗಳನ್ನು ನಾಲ್ಕೈದು ಒಟ್ಟಿಗೆ ಪೋಣಿಸಿದರೂ ಆಗುತ್ತದೆ. ಕಪ್ಪೆಯನ್ನು ಹಿಡಿದು ಎರೆ ಮಾಡುವುದು ಬೇಡ.

ಕಾಯುವುದು, ಎಳೆಯುವುದು

ಎಸೆದ ಮೇಲೆ ದಾರವನ್ನು ಮೆಲ್ಲಗೆ ಬಿಗಿ ಮಾಡಿ, ಕೋಲನ್ನು ಕವೆಕಡ್ಡಿಯ ಮೇಲಿಡಿ, ತುದಿಗೆ ಗೆಜ್ಜೆ ಸಿಕ್ಕಿಸಿ. ರೀಲ್‌ನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಎಷ್ಟು ಸುಲಭವಾಗಿ ಬಿಚ್ಚಿಕೊಳ್ಳಬೇಕೆಂದು ಹೊಂದಿಸುವ ಬಿಗಿ, ಸಡಿಲ ಇರಲಿ. ಬಿಗಿ ಮಾಡಿಟ್ಟು ಟೀ ಕುಡಿಯಲು ಹೋದವರ ಕೋಲು ಕೆರೆಯೊಳಗೆ ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎರೆ ಬದಲಿಸಿ, ಪ್ರತಿ ಸಲವೂ ಅದೇ ಜಾಗಕ್ಕೆ ಹಾಕಿ. ಎದುರು ದಡದ ಒಂದು ಮರವನ್ನು ಗುರಿ ಇಟ್ಟುಕೊಂಡರೆ ಜಾಗ ತಪ್ಪುವುದಿಲ್ಲ.

ಗೆಜ್ಜೆ ಸಣ್ಣಗೆ ಟಿಣ್ ಟಿಣ್ ಎಂದರೆ ಸುಮ್ಮನಿರಿ, ಸಣ್ಣ ಮೀನು ಕುಕ್ಕುತ್ತಿದೆ. ದಾರ ನಿಧಾನವಾಗಿ ಬಿಗಿದು ಹೋಗತೊಡಗಿದರೆ ಕೋಲೆತ್ತಿ. ದಾರ ಇದ್ದಕ್ಕಿದ್ದಂತೆ ಜೋತುಬಿದ್ದರೂ ಮೀನೇ, ನಿಮ್ಮ ಕಡೆಗೇ ಬರುತ್ತಿದೆ. ಬೇಗ ಸುತ್ತಿ, ಬಿಗಿ ಸಿಕ್ಕ ಮೇಲೆ ಎತ್ತಿ. ಸರ್ಕಲ್ ಹುಕ್ ಇದ್ದರೆ ಜೋರಾಗಿ ಎಳೆಯಲೇಬಾರದು, ಸುಮ್ನೆ ಸುತ್ತುತ್ತಾ ಹೋದರೆ ತಾನೇ ಕಚ್ಚಿಕೊಳ್ಳುತ್ತದೆ.

ದೊಡ್ಡ ಮೀನು ಮೊದಲ ಓಟ ಓಡಲಿ ಬಿಡಿ. ನಿಂತಾಗ ಕೋಲು ಮೇಲೆತ್ತಿ, ಇಳಿಸುತ್ತಾ ಸುತ್ತಿ. ದಡದ ಹತ್ತಿರ ಕೈಬಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ. ಬಲೆ ಹಿಡಿದು ಮೀನಿನ ಹಿಂದೆ ಓಡುವ ಗೆಳೆಯರಿಂದಲೇ ಅರ್ಧ ಮೀನು ತಪ್ಪಿಸಿಕೊಳ್ಳುವುದು. ಏರಿಯ ಒದ್ದೆ ಕಲ್ಲು ತುಂಬಾ ಜಾರುತ್ತದೆ, ಒಬ್ಬರೇ ಇಳಿಯಬೇಡಿ.

ಮೀಸೆ ಇರುವ ಯಾವ ಮೀನನ್ನೂ ಬರಿಗೈಯಲ್ಲಿ ಗಪ್ಪನೆ ಹಿಡಿಯಬೇಡಿ. ಪಕ್ಕದ ರೆಕ್ಕೆಗಳಲ್ಲಿ ಮುಳ್ಳಿರುತ್ತದೆ. ಚೇಳು ಮೀನಿನ ಮುಳ್ಳಿನಲ್ಲಿ ವಿಷವೂ ಇದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಆ ಜಾಗ ಮುಳುಗಿಸಿಡಿ, ನೋವು ಇಳಿಯುತ್ತದೆ. ಊತ ಹೆಚ್ಚಾದರೆ ಡಾಕ್ಟರ ಹತ್ತಿರ ಹೋಗಿ. ವಾಪಸ್ ಬಿಡುವ ಮೀನಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ತುಂಡಾದ ನೈಲಾನ್ ದಾರವನ್ನು ಜೇಬಿಗೆ ಹಾಕಿಕೊಂಡು ಬನ್ನಿ, ನೀರುಕಾಗೆಗಳ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ.

ತಿನ್ನಬಹುದಾ?

ಎಲ್ಲಾ ಕೆರೆಯ ಮೀನೂ ತಿನ್ನಲು ಯೋಗ್ಯವಲ್ಲ. ವೃಷಭಾವತಿಯ ನೀರು ಸೇರುವ ಬೈರಮಂಗಲ, ನೊರೆ ಬೆಂಕಿಗಳಿಗೆ ಹೆಸರಾದ ಬೆಳ್ಳಂದೂರು, ಇಂಥ ಕಡೆ ಕಾರ್ಖಾನೆಯ ಕೊಳೆಯೂ ಚರಂಡಿಯೂ ಸೇರಿವೆ. ತಳದ ಕೆಸರಿನಲ್ಲಿ ಮೇಯುವ ಮೀನಿನ ಮೈಗೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸೇರುವ ಅಪಾಯ ಹೆಚ್ಚು, ಬೇಯಿಸಿದರೆ ಅವು ಹೋಗುವುದಿಲ್ಲ. ಮಳೆಯ ನಂತರ ಮೀನು ಸತ್ತು ತೇಲುತ್ತಿದ್ದರೆ ಆ ಕೆರೆಯದ್ದು ಬೇಡವೇ ಬೇಡ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿರಬಹುದು.

ಒಳ್ಳೆಯ ನೀರಿನ ಗೆಂಡೆಗೂ ಒಂದು ಮಣ್ಣಿನ ವಾಸನೆ ಇರುತ್ತದೆ. ನೀರಿನ ಕೆಲವು ಪಾಚಿ, ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತು ಅದಕ್ಕೆ ಕಾರಣ. ಹುಳಿಗೆ ಅದು ಮುರಿಯುತ್ತದೆ. ಚರ್ಮ ಸುಲಿದು, ಪಕ್ಕೆಯ ಉದ್ದಕ್ಕೂ ಇರುವ ಕಪ್ಪು ಮಾಂಸದ ಗೆರೆ ತೆಗೆದುಹಾಕಿ. ತುಂಡುಗಳನ್ನು ಉಪ್ಪು, ಅರಿಸಿನ ಹಾಕಿದ ಹುಣಸೆ ನೀರಿನಲ್ಲಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಸಾರಿಗೆ ಹುಳಿ ಸ್ವಲ್ಪ ಮುಂದಾಗಿಯೇ ಇರಲಿ. ಗೆಂಡೆಗೆ ಸಣ್ಣ ಮುಳ್ಳು ಜಾಸ್ತಿ, ಮಕ್ಕಳಿಗೆ ಹೊಟ್ಟೆ ಭಾಗದ ತುಂಡನ್ನೇ ಬಿಡಿಸಿ ಕೊಡಿ.